ಪ್ರೇಮಿಯ ಸಾವನ್ನು ಎಲ್ಲಿಡಬೇಕು? ಒಂದು ಕಂಟ್ರಿ ಹಾಡು ಗೆದ್ದ ಬಗೆ

‘ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ’. ಅವಳನ್ನು ಪ್ರೀತಿಸುವುದನ್ನು ಅವನು ಇಂದು ನಿಲ್ಲಿಸಿದ. ಹಾಡಿನ ಹೆಸರನ್ನಷ್ಟೇ ಓದಿದವರಿಗೆ ಇದೊಂದು ಚೇತರಿಕೆಯ ಕಥೆ ಎನಿಸುತ್ತದೆ. ಯಾರೋ ಒಬ್ಬ ಹಳೆಯ ಪ್ರೇಮದ ಹೊರೆಯನ್ನು ಕಡೆಗೂ ಕೆಳಗಿಳಿಸಿದ್ದಾನೆ ಎಂದುಕೊಳ್ಳುತ್ತೇವೆ. ಹಾಡು ಕೂಡ ಅರ್ಧ ದಾರಿಯವರೆಗೆ ನಮ್ಮನ್ನು ಹಾಗೆಯೇ ನಂಬಿಸಿಕೊಂಡು ಹೋಗುತ್ತದೆ. ಸಾಯುವವರೆಗೂ ನಿನ್ನನ್ನೇ ಪ್ರೀತಿಸುತ್ತೇನೆ ಎಂದು ಅವನು ಹೇಳಿದ್ದ. ಕಾಲ ಕಳೆದಂತೆ ಮರೆಯುತ್ತೀಯೆ ಎಂದು ಅವಳು ಹೇಳಿದ್ದಳು. ಅವಳು ಹೋದ ಮೇಲೂ ಅವಳ ಚಿತ್ರ ಅವನ ಗೋಡೆಯ ಮೇಲೆ ಉಳಿಯಿತು. ಹಾಸಿಗೆಯ ಪಕ್ಕದಲ್ಲಿ 1962ರ ತಾರೀಖಿನ ಪತ್ರಗಳಿದ್ದವು. ಅವುಗಳಲ್ಲಿ ಪ್ರೀತಿಸುತ್ತೇನೆ ಎಂಬ ಮಾತು ಬಂದಲ್ಲೆಲ್ಲ ಅವನು ಕೆಂಪು ಗೆರೆ ಎಳೆದಿಟ್ಟಿದ್ದ.

ಈ ಕಥೆಯನ್ನು ಹೇಳುತ್ತಿರುವವನು ಅವನ ಗೆಳೆಯ. ಇಂದು ಅವನನ್ನು ನೋಡಲು ಹೋಗಿದ್ದೆ, ಕಣ್ಣೀರು ಕಾಣಲಿಲ್ಲ, ಎಲ್ಲಿಗೋ ಹೊರಟವನಂತೆ ಚೆನ್ನಾಗಿ ಬಟ್ಟೆ ತೊಟ್ಟಿದ್ದ, ಎಷ್ಟೋ ವರ್ಷಗಳ ನಂತರ ಅವನ ಮುಖದಲ್ಲಿ ನಗು ಕಂಡೆ ಎನ್ನುತ್ತಾನೆ. ಆಮೇಲೆ ಪಲ್ಲವಿ. ಬಾಗಿಲಿಗೆ ಶೋಕದ ಹೂಚಕ್ರ ತೂಗುಹಾಕಿದ್ದಾರೆ, ಇನ್ನೇನು ಅವನನ್ನು ಹೊತ್ತುಕೊಂಡು ಹೋಗುತ್ತಾರೆ. ಅಮೆರಿಕದಲ್ಲಿ ಸತ್ತವರಿಗೆ ಒಳ್ಳೆಯ ಉಡುಪು ತೊಡಿಸಿ, ಮುಖವನ್ನು ಶಾಂತವಾಗಿ ಕಾಣುವಂತೆ ತಿದ್ದಿ, ಅಂತಿಮ ದರ್ಶನಕ್ಕೆ ಇಡುವ ಪದ್ಧತಿ ಇದೆ. ಆ ಬಟ್ಟೆ, ಆ ನಗು, ಎರಡೂ ಶವಪೆಟ್ಟಿಗೆಯವು ಎಂದು ನಮಗೆ ಆಗ ಹೊಳೆಯುತ್ತದೆ. ಸಾಯುವವರೆಗೂ ಎಂದಿದ್ದವನು ಸಾಯುವವರೆಗೂ ಪ್ರೀತಿಸಿದ್ದಾನೆ. ಹೆಸರಿನಲ್ಲಿದ್ದ ‘ಇಂದು’ ಎಂಬ ಪದ ಒಮ್ಮೆಲೇ ಬೇರೆಯಾಗಿ ಕೇಳಿಸತೊಡಗುತ್ತದೆ.

ಜಾರ್ಜ್ ಜೋನ್ಸ್ ಹಾಡಿದ ಈ ಹಾಡು 1980ರ ಏಪ್ರಿಲ್‌ನಲ್ಲಿ ಎಪಿಕ್ ರೆಕಾರ್ಡ್ಸ್ ಸಂಸ್ಥೆಯಿಂದ ಹೊರಬಂತು. ಜುಲೈನಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಬೇರು ಬಿಟ್ಟ ಕಂಟ್ರಿ ಸಂಗೀತದಲ್ಲಿ ಅತ್ಯುತ್ತಮ ಹಾಡು ಯಾವುದು ಎಂದು ಸಮೀಕ್ಷೆ ನಡೆದಾಗಲೆಲ್ಲ ಇಂದಿಗೂ ಇದರ ಹೆಸರು ಮೊದಲ ಸಾಲುಗಳಲ್ಲಿ ಬರುತ್ತದೆ. ನನಗೆ ಈ ಹಾಡಿನ ಮೇಲೆ ಅಕ್ಕರೆ ಇರುವುದು ಅದರ ದುಃಖದಿಂದ ಮಾತ್ರವಲ್ಲ, ಅದನ್ನು ಕಟ್ಟಿದ ಬಗೆಯಿಂದ. ಮೂರೂಕಾಲು ನಿಮಿಷದ ಒಂದು ಹಾಡಿನ ಹಿಂದೆ ಎಷ್ಟು ಕೈಗಳು, ಎಷ್ಟು ತಿದ್ದುಪಡಿ, ಎಷ್ಟು ಕಾಯುವಿಕೆ ಇರುತ್ತದೆ ಎಂಬುದನ್ನು ಇದರಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಹಾಡನ್ನು ನಾನು ಕಂಡಿಲ್ಲ.

ಬರೆಯುವವರು ಬೇರೆ, ಹಾಡುವವರು ಬೇರೆ

ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ಕಂಟ್ರಿ ಸಂಗೀತದ ರಾಜಧಾನಿ. 1925ರಲ್ಲಿ ಅಲ್ಲಿನ ರೇಡಿಯೋ ಕೇಂದ್ರವೊಂದು ಆರಂಭಿಸಿದ ಕಾರ್ಯಕ್ರಮವೇ ಮುಂದೆ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂದು ಹೆಸರಾಯಿತು. ಅದರ ಆಕರ್ಷಣೆಗೆ ಗಾಯಕರು ಬಂದರು, ಗಾಯಕರ ಹಿಂದೆ ಸ್ಟುಡಿಯೋಗಳು ಬಂದವು, ಸ್ಟುಡಿಯೋಗಳ ಸುತ್ತ ಹಾಡುಗಳ ಪ್ರಕಾಶಕರು ಬಂದರು. ಊರಿನ ಹದಿನಾರು ಮತ್ತು ಹದಿನೇಳನೇ ಅವೆನ್ಯೂಗಳ ಆಸುಪಾಸು ‘ಮ್ಯೂಸಿಕ್ ರೋ’ ಎಂಬ ಹೆಸರು ಪಡೆಯಿತು. ಹಳೆಯ ವಸತಿ ಮನೆಗಳೇ ಅಲ್ಲಿ ಕಚೇರಿಗಳಾದವು.

ಈ ಬೀದಿಗಳಲ್ಲಿ ಕೆಲಸ ಬಹಳ ಸ್ಪಷ್ಟವಾಗಿ ಹಂಚಿಹೋಗಿದೆ. ನಮ್ಮ ಸಿನಿಮಾ ಹಾಡಿನಲ್ಲಿ ಸಾಹಿತಿ, ಸಂಗೀತ ನಿರ್ದೇಶಕ, ಗಾಯಕ ಎಂದು ಇರುವ ಹಾಗೆಯೇ ಅಲ್ಲಿಯೂ ಪಾತ್ರಗಳಿವೆ. ಆದರೆ ಅಲ್ಲಿ ಹಾಡಿಗೆ ಮೊದಲೇ ಒಂದು ಕಥೆಯಾಗಲಿ ಸನ್ನಿವೇಶವಾಗಲಿ ಇರುವುದಿಲ್ಲ. ಹಾಡು ಬರೆಯುವವರು ಪ್ರಕಾಶನ ಸಂಸ್ಥೆಯೊಂದರಲ್ಲಿ ನೆಲೆ ನಿಂತಿರುತ್ತಾರೆ. ಪ್ರಕಾಶಕ ಎಂದರೆ ಇಲ್ಲಿ ಹಾಡಿನ ಹಕ್ಕುಗಳನ್ನು ನೋಡಿಕೊಳ್ಳುವವನು. ಬೆಳಿಗ್ಗೆ ಇಬ್ಬರು ಒಂದು ಕೋಣೆಯಲ್ಲಿ ಕುಳಿತು ಸಾಹಿತ್ಯ, ಧಾಟಿ ಎರಡನ್ನೂ ಒಟ್ಟಿಗೆ ಕಟ್ಟುತ್ತಾರೆ. ಬಳಿಕ ಕಡಿಮೆ ಖರ್ಚಿನಲ್ಲಿ ಅದರ ಮಾದರಿಯೊಂದನ್ನು ಧ್ವನಿಮುದ್ರಿಸುತ್ತಾರೆ. ಇದಕ್ಕೆ ‘ಡೆಮೋ’ ಎಂದು ಹೆಸರು. ಪ್ರಕಾಶನ ಸಂಸ್ಥೆಯ ಮಾರಾಟಗಾರ ಆ ಡೆಮೋ ಹಿಡಿದು ನಿರ್ಮಾಪಕರ ಬಾಗಿಲು ತಟ್ಟುತ್ತಾನೆ. ಈ ಕೆಲಸಕ್ಕೆ ಅಲ್ಲಿ ‘ಪ್ಲಗ್ಗಿಂಗ್’ ಎನ್ನುತ್ತಾರೆ. ನೂರು ಹಾಡು ತೆಗೆದುಕೊಂಡು ಹೋದರೂ ಒಂದೂ ನಿಲ್ಲದ ದಿನಗಳೇ ಹೆಚ್ಚು.

ನಮ್ಮ ಹಾಡಿನ ಕವಿಗಳು ಬಾಬಿ ಬ್ರಾಡಕ್ ಮತ್ತು ಕರ್ಲಿ ಪಟ್‌ಮನ್. ಇಬ್ಬರೂ ‘ಟ್ರೀ’ ಎಂಬ ಪ್ರಕಾಶನ ಸಂಸ್ಥೆಗೆ ಬರೆಯುತ್ತಿದ್ದವರು, ಹೆಸರು ಮಾಡಿದ್ದವರು. ಇಬ್ಬರೂ ಸೇರಿ ಬರೆದ ಹಾಡೊಂದನ್ನು 1968ರಲ್ಲಿ ಗಾಯಕಿ ಟ್ಯಾಮಿ ವೈನೆಟ್ ಹಾಡಿ ಮೊದಲ ಸ್ಥಾನಕ್ಕೇರಿಸಿದ್ದರು. ಪುಟ್ಟ ಮಗುವಿಗೆ ತಿಳಿಯಬಾರದೆಂದು ತಾಯಿ ‘ವಿಚ್ಛೇದನ’ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಉಚ್ಚರಿಸುವ ಹಾಡು ಅದು. ಕೇಳುಗರಿಂದ ಸ್ವಲ್ಪ ಹೊತ್ತು ಏನನ್ನೋ ಮರೆಮಾಡುವುದು ಅಥವಾ ಹಾಡಿನೊಳಗಿನ ಯಾರಿಂದಲೋ ಮರೆಮಾಡುವುದು ಈ ಜೋಡಿಗೆ ಮೊದಲಿನಿಂದಲೂ ಕೈಗೆ ಒಗ್ಗಿದ ವಿದ್ಯೆ.

ಹೊಸ ಹಾಡಿಗೆ ಕೂಡಲೇ ಭಾಗ್ಯ ತೆರೆಯಲಿಲ್ಲ. ಜಾನಿ ರಸೆಲ್ ಎಂಬ ಗಾಯಕ ಜೋನ್ಸ್‌ಗಿಂತ ಮೊದಲೇ ಇದನ್ನು ಧ್ವನಿಮುದ್ರಿಸಿದ್ದರು, ಅದು ಬಿಡುಗಡೆಯಾಗಲಿಲ್ಲ. ಆಮೇಲೆ ಹಾಡು ಬಿಲ್ಲಿ ಷೆರಿಲ್ ಅವರ ಮೇಜಿಗೆ ಬಂತು.

ಷೆರಿಲ್ ನಿರ್ಮಾಪಕ. ಸಿನಿಮಾದಲ್ಲಿ ನಿರ್ಮಾಪಕನೆಂದರೆ ಹಣ ಹಾಕುವವನು. ಧ್ವನಿಮುದ್ರಿಕೆಯ ಲೋಕದಲ್ಲಿ ಆ ಪದಕ್ಕೆ ನಿರ್ದೇಶಕ ಎಂಬ ಅರ್ಥವೇ ಹತ್ತಿರ. ಯಾವ ಹಾಡು, ಯಾವ ಗಾಯಕನಿಗೆ, ಯಾವ ವಾದ್ಯಗಳೊಂದಿಗೆ, ಯಾವ ವೇಗದಲ್ಲಿ ಎಂಬುದೆಲ್ಲ ಅವನ ತೀರ್ಮಾನ. ಅಲಬಾಮದ ಧರ್ಮಪ್ರಚಾರಕರೊಬ್ಬರ ಮಗನಾದ ಷೆರಿಲ್ ಬಾಲ್ಯದಲ್ಲಿ ಪ್ರಾರ್ಥನಾ ಸಭೆಗಳಲ್ಲಿ ಪಿಯಾನೋ ನುಡಿಸಿ ಬೆಳೆದವರು. ಕಂಟ್ರಿ ಹಾಡಿಗೆ ವಯೊಲಿನ್ ವೃಂದ, ಹಿನ್ನೆಲೆಯ ಗಾಯನ ವೃಂದಗಳನ್ನು ಸೇರಿಸಿ ದೊಡ್ಡ, ತುಂಬಿದ ನಾದ ಮಾಡುವುದು ಅವರ ಶೈಲಿ. ಹಳ್ಳಿಯ ಫಿಡಲ್ ದನಿಯನ್ನು ಇಷ್ಟಪಡುವವರು ಅವರನ್ನು ಬಹಳ ಟೀಕಿಸಿದರು. ಆ ಟೀಕೆಯಲ್ಲಿ ಸತ್ಯವಿದೆ. ಅವರ ಕೆಲವು ಧ್ವನಿಮುದ್ರಿಕೆಗಳಲ್ಲಿ ತಂತಿವಾದ್ಯಗಳ ಅಬ್ಬರದೊಳಗೆ ಗಾಯಕ ಮುಳುಗಿಯೇ ಹೋಗುತ್ತಾನೆ. ಆದರೆ ಅವರಿಗೆ ಒಂದು ಅಪರೂಪದ ಗುಣವಿತ್ತು: ಸಾಹಿತ್ಯವನ್ನು ಕಥೆಗಾರನ ಕಣ್ಣಿನಿಂದ ಓದುತ್ತಿದ್ದರು.

ಬ್ರಾಡಕ್ ಮತ್ತು ಪಟ್‌ಮನ್ ತಂದ ಮೊದಲ ಕರಡುಗಳಲ್ಲಿ ಪ್ರೇಮಿ ಬೇಗನೆ ಸಾಯುತ್ತಿದ್ದ. ಷೆರಿಲ್ ಒಪ್ಪಲಿಲ್ಲ. ಅವನನ್ನು ತಡವಾಗಿ ಸಾಯಿಸಿ ಎಂದರು. ಅವರು ತಿದ್ದಿ ತಂದರು. ಇನ್ನೂ ಸರಿಹೋಗಲಿಲ್ಲ, ಮತ್ತೆ ಕಳಿಸಿದರು. ಹೀಗೆ ಹಾಡು ಹಲವು ಸಲ ಹೋಗಿ ಬಂತು. ಕಡೆಗೆ ಷೆರಿಲ್ ಇನ್ನೊಂದು ಬೇಡಿಕೆ ಇಟ್ಟರು: ಅವನು ಸತ್ತ ಮೇಲೆ ಅವಳು ನೋಡಲು ಬರಬೇಕು.

ಈ ಎರಡು ತಿದ್ದುಪಡಿಗಳೇ ಹಾಡಿನ ಪ್ರಾಣ ಎಂದು ನನಗೆ ಅನಿಸುತ್ತದೆ. ಸಾವು ಮೊದಲೇ ತಿಳಿದುಬಿಟ್ಟರೆ ಉಳಿದದ್ದೆಲ್ಲ ಸತ್ತವನ ಗುಣಗಾನವಾಗುತ್ತದೆ. ಗೋಡೆಯ ಚಿತ್ರ, ಕೆಂಪು ಗೆರೆಯ ಪತ್ರಗಳು ಬರೀ ನೆನಪಿನ ವಸ್ತುಗಳಾಗುತ್ತವೆ. ಸಾವನ್ನು ತಡೆದು ಇಟ್ಟಾಗ ಅದೇ ಚಿತ್ರ, ಅದೇ ಪತ್ರಗಳು ಬದುಕಿರುವವನ ಹಟವಾಗುತ್ತವೆ. ನಾವು ಅವನ ಬಗ್ಗೆ ಕನಿಕರ ಪಡುತ್ತೇವೆ, ಸ್ವಲ್ಪ ಬೇಸರವೂ ಆಗುತ್ತದೆ, ಇಷ್ಟು ವರ್ಷ ಏಕೆ ಹೀಗೆ ಎಂದು ಕೇಳಿಕೊಳ್ಳುತ್ತೇವೆ. ಅಷ್ಟರಲ್ಲಿ ನಗು ಕಾಣಿಸುತ್ತದೆ. ಅಂತೂ ಗುಣವಾದ ಎಂದು ನಮಗೆ ನಿರಾಳವಾಗುತ್ತದೆ. ಆ ನಿರಾಳದ ಮೇಲೆಯೇ ಪಲ್ಲವಿ ಬಂದು ಬೀಳುತ್ತದೆ. ಪಲ್ಲವಿ ಸಾಮಾನ್ಯವಾಗಿ ಹಾಡಿನ ಮೊದಲ ನಿಮಿಷದೊಳಗೆ ಬರಬೇಕು, ಕೇಳುಗನ ಬಾಯಲ್ಲಿ ಕೂರಬೇಕು ಎಂಬುದು ಈ ವ್ಯಾಪಾರದ ನಿಯಮ. ಇಲ್ಲಿ ನಾಲ್ಕು ಚರಣಗಳು ಕಳೆಯುವವರೆಗೆ ಅದು ಕಾಣುವುದೇ ಇಲ್ಲ. ಕಥೆಯ ಹಿತಕ್ಕಾಗಿ ವ್ಯಾಪಾರದ ನಿಯಮವನ್ನು ಪಕ್ಕಕ್ಕಿಟ್ಟ ಧೈರ್ಯ ಅದು.

ಸಂಖ್ಯೆಗಳಲ್ಲಿ ಬರೆದ ಸಂಗೀತ

ಷೆರಿಲ್ ಕೆಲಸ ಮಾಡುತ್ತಿದ್ದುದು ಕೊಲಂಬಿಯಾ ಕಂಪನಿಯ ನ್ಯಾಶ್‌ವಿಲ್ ಸ್ಟುಡಿಯೋದಲ್ಲಿ. ಅಲ್ಲಿನ ಪದ್ಧತಿ ಹೊರಗಿನವರಿಗೆ ಆಶ್ಚರ್ಯ ಹುಟ್ಟಿಸುವಂಥದ್ದು. ಧ್ವನಿಮುದ್ರಣದ ಒಂದು ಅಧಿವೇಶನ ಮೂರು ಗಂಟೆ. ಅಷ್ಟರಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹಾಡುಗಳಾಗಬೇಕು. ವಾದ್ಯಗಾರರು ಗಾಯಕನ ತಂಡದವರಲ್ಲ. ದಿನಕ್ಕೆ ಮೂರು ನಾಲ್ಕು ಅಧಿವೇಶನಗಳಲ್ಲಿ ಬೇರೆ ಬೇರೆ ಗಾಯಕರಿಗೆ ನುಡಿಸುವ ಸ್ಟುಡಿಯೋ ಕಲಾವಿದರು. ಹಾಡನ್ನು ಅವರು ಮೊದಲ ಸಲ ಕೇಳುವುದೇ ಆ ಕೋಣೆಯಲ್ಲಿ.

ಇದು ಸಾಧ್ಯವಾದದ್ದು ಒಂದು ಸರಳ ಉಪಾಯದಿಂದ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಮೇಳಗಳಿಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳಿಗೆ, ನಿಶ್ಚಿತ ಅಕ್ಷರನಾಮಗಳಿವೆ. ಗಾಯಕನ ಗಂಟಲಿಗೆ ಒಗ್ಗಲಿಲ್ಲವೆಂದು ಶ್ರುತಿ ಬದಲಿಸಿದರೆ ಎಲ್ಲ ಹೆಸರುಗಳನ್ನೂ ಹೊಸದಾಗಿ ಬರೆಯಬೇಕು. 1950ರ ದಶಕದ ಕೊನೆಗೆ ‘ಜೋರ್ಡನೇರ್ಸ್’ ಎಂಬ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಅಕ್ಷರಗಳ ಬದಲು ಸಂಖ್ಯೆ ಬಳಸತೊಡಗಿದರು. ಆಧಾರ ಸ್ವರ 1, ಅಲ್ಲಿಂದ ಮುಂದಕ್ಕೆ 2, 3, 4. ಶ್ರುತಿ ಎಲ್ಲಿಗೇ ಹೋದರೂ 1-4-5 ಎಂದು ಬರೆದದ್ದು 1-4-5 ಆಗಿಯೇ ಉಳಿಯುತ್ತದೆ. ಸ ರಿ ಗ ಮ ಹಾಡಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಷಡ್ಜವನ್ನು ಎಲ್ಲಿ ಇಟ್ಟುಕೊಂಡರೂ ಉಳಿದ ಸ್ವರಗಳು ಅದನ್ನೇ ಹಿಡಿದು ನಡೆಯುವುದು ನಮಗೆ ಸಹಜ. ಅವರು ಕಾಗದದ ಮೇಲೆ ಹೊಸದಾಗಿ ಕಂಡುಕೊಂಡದ್ದು ಆ ಸಹಜತೆಯನ್ನೇ. ಹಾರ್ಮೋನಿಕಾ ವಾದಕ ಚಾರ್ಲಿ ಮೆಕಾಯ್ ಮೊದಲಾದವರು ಆ ಪದ್ಧತಿಯನ್ನು ಬೆಳೆಸಿ ಇಡೀ ಊರಿಗೆ ಹರಡಿದರು. ಇಂದು ಅದಕ್ಕೆ ‘ನ್ಯಾಶ್‌ವಿಲ್ ನಂಬರ್ ಸಿಸ್ಟಮ್’ ಎಂದೇ ಹೆಸರು.

ನಮ್ಮ ಹಾಡಿನಲ್ಲಿ ಹಾರ್ಮೋನಿಕಾ ನುಡಿಸಿರುವವರೂ ಅದೇ ಮೆಕಾಯ್. ಸ್ಟೀಲ್ ಗಿಟಾರ್ ಪೀಟ್ ಡ್ರೇಕ್ ಅವರದು. ಸ್ಟೀಲ್ ಗಿಟಾರ್ ಎಂದರೆ ಮಲಗಿಸಿಟ್ಟ ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸುತ್ತ ನುಡಿಸುವ ವಾದ್ಯ. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಿಗಿಯುವುದಿಲ್ಲ, ಹರಿದು ಹೋಗುತ್ತದೆ. ಆದ್ದರಿಂದಲೇ ಅದರ ದನಿಯಲ್ಲಿ ಅಳುವಿನ ಎಳೆ ಇರುತ್ತದೆ. ಮೊದಲ ಚರಣದಲ್ಲಿ ಈ ವಾದ್ಯಗಳು ತಗ್ಗಿಕೊಂಡೇ ಇವೆ, ಗಾಯಕ ಬಹುತೇಕ ಒಂಟಿ. ಚರಣ ಕಳೆದಂತೆ ಒಂದೊಂದೇ ದನಿ ಬಂದು ಸೇರುತ್ತದೆ. ನಡುವೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಪಲ್ಲವಿಯಲ್ಲಿ ಅವನನ್ನು ಹೊತ್ತೊಯ್ಯುವ ಮಾತು ಬಂದಾಗ ವಯೊಲಿನ್ ವೃಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತುತ್ತದೆ. ಇಲ್ಲಿ ಷೆರಿಲ್ ಅವರ ದೊಡ್ಡ ನಾದಕ್ಕೆ ಪೂರ್ತಿ ನ್ಯಾಯ ಸಿಕ್ಕಿದೆ. ಮೊದಲಿನ ಬರಿದು ಕೋಣೆ ಇಲ್ಲದಿದ್ದರೆ ಕೊನೆಯ ಈ ತುಂಬುವಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ಗಾಯಕನ ಸ್ಥಿತಿ

ಜಾರ್ಜ್ ಜೋನ್ಸ್ ಹುಟ್ಟಿದ್ದು 1931ರ ಸೆಪ್ಟೆಂಬರ್ 12ರಂದು, ಟೆಕ್ಸಸ್‌ನ ಸರಟೋಗಾದಲ್ಲಿ. ತಂದೆ ವಿಪರೀತ ಕುಡಿಯುತ್ತಿದ್ದರು. ರಾತ್ರಿ ಮನೆಗೆ ಬಂದು ನಿದ್ದೆಯಲ್ಲಿದ್ದ ಮಗನನ್ನು ಎಬ್ಬಿಸಿ ಹಾಡಿಸುತ್ತಿದ್ದರು, ಹಾಡದಿದ್ದರೆ ಏಟು. ಆ ಹುಡುಗ ಮುಂದೆ ಬೋಮಾಂಟ್ ಪಟ್ಟಣದ ಬೀದಿಯಲ್ಲಿ ಗಿಟಾರ್ ಹಿಡಿದು ಹಾಡಿ ಕಾಸು ಗಳಿಸಿದ. 1955ರಲ್ಲಿ ಮೊದಲ ಯಶಸ್ಸು, 1959ರಲ್ಲಿ ಮೊದಲ ಸಲ ಪಟ್ಟಿಯ ತುದಿ.

ಅವರ ದನಿಯ ವಿಶೇಷವನ್ನು ಕನ್ನಡಿಗರಿಗೆ ಹೇಳುವುದು ಸುಲಭ. ಪಾಶ್ಚಾತ್ಯ ಜನಪ್ರಿಯ ಗಾಯಕರಲ್ಲಿ ಹೆಚ್ಚಿನವರು ಒಂದು ಅಕ್ಷರಕ್ಕೆ ಒಂದು ಸ್ವರ ಹಿಡಿದು ಹಾಡುತ್ತಾರೆ. ಜೋನ್ಸ್ ಒಂದೇ ಅಕ್ಷರದೊಳಗೆ ಮೇಲೆ ಕೆಳಗೆ ಓಡಾಡುತ್ತಾರೆ, ಸ್ವರಕ್ಕೆ ಕೆಳಗಿನಿಂದ ತೂರಿ ಬರುತ್ತಾರೆ, ಬಿಡುವಾಗ ಅಲುಗಿಸಿ ಬಿಡುತ್ತಾರೆ. ಗಮಕ ಕೇಳಿ ಬೆಳೆದ ಕಿವಿಗೆ ಅದು ಮೊದಲ ಸಾಲಿನಲ್ಲಿಯೇ ತಾಗುತ್ತದೆ. ಹಲ್ಲು ಕಚ್ಚಿ ಹಿಡಿದಂತಿರುವ ದವಡೆಯಿಂದ ಆ ದನಿ ಹೊರಬರುವಾಗ ದುಃಖವನ್ನು ತಡೆಯಲು ಹೆಣಗುತ್ತಿರುವವನಂತೆ ಕೇಳುತ್ತದೆ.

1970ರ ದಶಕದ ಕೊನೆಗೆ ಆ ಮನುಷ್ಯ ಪೂರಾ ಕುಸಿದಿದ್ದರು. ಟ್ಯಾಮಿ ವೈನೆಟ್ ಜೊತೆಗಿನ ಮದುವೆ 1975ರಲ್ಲಿ ವಿಚ್ಛೇದನದಲ್ಲಿ ಮುಗಿದಿತ್ತು. ಕುಡಿತಕ್ಕೆ ಕೊಕೇನ್ ಜೊತೆಯಾಯಿತು. 1978ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದರು. ಕಾರ್ಯಕ್ರಮಗಳಿಗೆ ಬಾರದೆ ತಪ್ಪಿಸಿಕೊಳ್ಳುವುದು ಎಷ್ಟು ವಾಡಿಕೆಯಾಯಿತೆಂದರೆ ‘ನೋ ಶೋ ಜೋನ್ಸ್’ ಎಂಬ ಅಡ್ಡಹೆಸರೇ ಬಂತು. ಬಂದ ದಿನಗಳಲ್ಲಿಯೂ ಕೆಲವೊಮ್ಮೆ ಬಾತುಕೋಳಿಯ ದನಿಯಲ್ಲಿ ಹಾಡುತ್ತಿದ್ದರು. ತಮ್ಮೊಳಗೆ ಬೇರೊಬ್ಬ ಸೇರಿಕೊಂಡಿದ್ದಾನೆ ಎಂಬಂತೆ ವರ್ತಿಸುತ್ತಿದ್ದರು. 1979ರ ಕೊನೆಯಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್‌ನ ಮನೋರೋಗ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು.

ಇಂಥವರ ಮುಂದೆ ಷೆರಿಲ್ ಸಾವಿನ ಹಾಡನ್ನು ಇಟ್ಟಾಗ ಜೋನ್ಸ್‌ಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ತುಂಬಾ ಉದ್ದ, ತುಂಬಾ ಮಂಕು, ಇದನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಧಾಟಿಯೂ ಹತ್ತಲಿಲ್ಲ. ಹಾಡಲು ನಿಂತಾಗಲೆಲ್ಲ ನಾಲಿಗೆ ಕ್ರಿಸ್ ಕ್ರಿಸ್ಟಾಫರ್ಸನ್ ಬರೆದ ‘ಹೆಲ್ಪ್ ಮಿ ಮೇಕ್ ಇಟ್ ಥ್ರೂ ದಿ ನೈಟ್’ ಹಾಡಿನ ಧಾಟಿಗೆ ಜಾರುತ್ತಿತ್ತು. ಈ ಧಾಟಿ ಅದಲ್ಲ ಎಂದು ಷೆರಿಲ್ ತಿದ್ದಬೇಕು, ಮತ್ತೆ ಮೊದಲಿನಿಂದ ಆರಂಭವಾಗಬೇಕು.

ಅತಿ ಹೆಚ್ಚು ಕಾಡಿಸಿದ್ದು ಹಾಡುವ ಭಾಗವಲ್ಲ, ಮಾತಿನ ಭಾಗ. ಅವಳು ನೋಡಲು ಬರಬೇಕು ಎಂದು ಷೆರಿಲ್ ಕೇಳಿ ಬರೆಸಿದ ಚರಣವನ್ನು ಜೋನ್ಸ್ ಹಾಡುವುದಿಲ್ಲ, ಸುಮ್ಮನೆ ಹೇಳುತ್ತಾರೆ. ಕಂಟ್ರಿ ಹಾಡುಗಳಲ್ಲಿ ಇದು ಹಳೆಯ ಸಂಪ್ರದಾಯ. ಹರಿಕಥೆಯ ದಾಸರು ಹಾಡು ನಿಲ್ಲಿಸಿ ಮಾತಿಗಿಳಿದಾಗ ಸಭೆ ಮುಂದೆ ಬಾಗಿ ಕೇಳುತ್ತದೆಯಲ್ಲ, ಇದರ ಪರಿಣಾಮವೂ ಅಂಥದ್ದೇ. ಅವಳು ಕೊನೆಯ ಸಲ ನೋಡಲು ಬಂದಳು. ಬರುತ್ತಾಳೋ ಇಲ್ಲವೋ ಎಂದು ನಾವೆಲ್ಲ ಅಂದುಕೊಳ್ಳುತ್ತಿದ್ದೆವು. ಈ ಸಲ ಅವನು ಅವಳನ್ನು ನಿಜಕ್ಕೂ ಮರೆತ ಎಂಬ ಯೋಚನೆ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಇಷ್ಟೇ, ನಾಲ್ಕು ಸಾಲು.

ಅಮಲಿನಲ್ಲಿದ್ದಾಗಲೂ ಜೋನ್ಸ್ ಹಾಡಬಲ್ಲವರಾಗಿದ್ದರು. ಸ್ವರ, ಲಯಗಳು ನಾಲಿಗೆಯ ಕೈಹಿಡಿದು ನಡೆಸುತ್ತಿದ್ದವು. ಬರಿಯ ಮಾತಿಗೆ ಆ ಆಸರೆ ಇಲ್ಲ. ತೊದಲಿದರೆ ತೊದಲಿದ್ದು ಹಾಗೆಯೇ ಕೇಳುತ್ತದೆ. ಹಾಡಿನ ಮೊದಲ ಚರಣ ಮುದ್ರಿಸಿದ್ದಕ್ಕೂ ಆ ನಾಲ್ಕು ಸಾಲಿನ ಮಾತು ಸಿಕ್ಕಿದ್ದಕ್ಕೂ ನಡುವೆ 18 ತಿಂಗಳು ಹಿಡಿಯಿತು ಎಂದು ಷೆರಿಲ್ ನಂತರದ ದಿನಗಳಲ್ಲಿ ಹೇಳುತ್ತಿದ್ದರು. ಅಷ್ಟೂ ಕಾಲ ಅವರು ಹಾಡನ್ನು ಕೈಬಿಡದೆ ಇಟ್ಟುಕೊಂಡರು. 1980ರ ಫೆಬ್ರುವರಿಯಲ್ಲಿ, ಆಸ್ಪತ್ರೆಯಿಂದ ಜೋನ್ಸ್ ಹೊರಬಂದ ಕೆಲವೇ ವಾರಗಳಲ್ಲಿ, ಹಾಡಿನ ಕೆಲಸ ಮತ್ತೆ ಸ್ಟುಡಿಯೋದಲ್ಲಿ ನಡೆಯಿತು.

ಆ ಭಾಗವನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮಾತಿನ ಹಿಂದೆ ಪದವಿಲ್ಲದ ಒಂದು ಹೆಣ್ಣುದನಿ ತಾರಸ್ಥಾಯಿಯಲ್ಲಿ ತೇಲುತ್ತಿದೆ. ಅದು ನ್ಯಾಶ್‌ವಿಲ್‌ನ ಹಿನ್ನೆಲೆ ಗಾಯಕಿ ಮಿಲ್ಲಿ ಕರ್ಕಮ್ ಅವರದು. ಸಾಹಿತ್ಯದಲ್ಲಿ ಅವಳು ಬಂದಳು ಎಂದು ಮಾತ್ರ ಇದೆ, ಅವಳು ಏನು ಹೇಳಿದಳು ಎಂಬುದಿಲ್ಲ. ಹಾಡಿನಲ್ಲಿ ಅವಳು ಅಲ್ಲಿಯೇ ನಿಂತಿದ್ದಾಳೆ ಎಂದು ಆ ದನಿ ಕೇಳಿದಾಗ ಅನಿಸುತ್ತದೆ. ಜೋನ್ಸ್ ಮಾತ್ರ ಆ ಸಾಲುಗಳನ್ನು ಯಾವ ನಾಟಕವೂ ಇಲ್ಲದೆ, ಸಾವಿನ ಮನೆಯ ಜಗಲಿಯಲ್ಲಿ ನಿಂತು ಪಕ್ಕದವನಿಗೆ ಹೇಳುವಂತೆ ಹೇಳಿ ಮುಗಿಸುತ್ತಾರೆ.

ರೇಡಿಯೋ, ಪಟ್ಟಿ, ಹಣ

ಆಗ ‘ಸಿಂಗಲ್’ ಎಂದರೆ ಏಳು ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆ. ಒಂದೊಂದು ಬದಿಗೆ ಒಂದು ಹಾಡು. ಕಂಪನಿಯವರು ಅದನ್ನು ದೇಶದ ಕಂಟ್ರಿ ರೇಡಿಯೋ ಕೇಂದ್ರಗಳಿಗೆ ಕಳಿಸಿ ಹಾಕುವಂತೆ ಒತ್ತಾಯಿಸುತ್ತಿದ್ದರು. ಯಾವ ಹಾಡನ್ನು ಎಷ್ಟು ಹಾಕಿದೆವು ಎಂದು ಕೇಂದ್ರಗಳು, ಯಾವುದು ಮಾರಾಟವಾಯಿತು ಎಂದು ಅಂಗಡಿಗಳು ವರದಿ ಕೊಡುತ್ತಿದ್ದವು. ಬಿಲ್‌ಬೋರ್ಡ್ ಅವುಗಳಿಂದ ವಾರದ ಪಟ್ಟಿ ಮಾಡುತ್ತಿತ್ತು. ಪ್ರಸಾರವನ್ನು ಯಂತ್ರಗಳಿಂದಲೇ ಎಣಿಸುವ ಪದ್ಧತಿ ಕಂಟ್ರಿ ಪಟ್ಟಿಗೆ ಬಂದದ್ದು 1990ರಲ್ಲಿ.

1980ರ ಆ ಬೇಸಿಗೆ ಕಂಟ್ರಿ ಸಂಗೀತಕ್ಕೆ ವಿಚಿತ್ರವಾದ ಕಾಲ. ಜೂನ್‌ನಲ್ಲಿ ‘ಅರ್ಬನ್ ಕೌಬಾಯ್’ ಸಿನಿಮಾ ಬಂದಿತ್ತು. ನಗರದವರಿಗೆ ಕೌಬಾಯ್ ಟೋಪಿ, ಬೂಟುಗಳ ಮೋಹ ಹಿಡಿದಿತ್ತು. ಕಂಟ್ರಿ ಗಾಯಕರು ಪಾಪ್ ಪಟ್ಟಿಗೆ ದಾಟಲು ಹಾಡುಗಳ ಅಂಚುಗಳನ್ನು ನಯಗೊಳಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಶವಪೆಟ್ಟಿಗೆಯ ಸುತ್ತ ಸುತ್ತುವ, ನಡುವೆ ಮಾತಿರುವ ಹಳೆಯ ಕಾಲದ ಗೋಳಿನ ಹಾಡು ಬಂತು. ಪಾಪ್ ಪಟ್ಟಿಗೆ ಅದು ದಾಟಲೇ ಇಲ್ಲ. ಕಂಟ್ರಿ ಕೇಳುಗರು ಮಾತ್ರ ಅದನ್ನು ಎದೆಗೆ ಅವುಚಿಕೊಂಡರು. ತಮ್ಮ ಸಂಗೀತ ತಮ್ಮ ಕೈತಪ್ಪಿ ಹೋಗುತ್ತಿದೆ ಎಂಬ ಆತಂಕದಲ್ಲಿದ್ದವರಿಗೆ ಈ ಹಾಡು ತಮ್ಮ ಮನೆಯದೆಂದು ಅನ್ನಿಸಿರಬೇಕು. ಏಕವ್ಯಕ್ತಿ ಗಾಯಕರಾಗಿ ಜೋನ್ಸ್ ಪಟ್ಟಿಯ ತುದಿ ಕಂಡು ಸುಮಾರು ಆರು ವರ್ಷಗಳಾಗಿದ್ದವು.

ಪ್ರಶಸ್ತಿಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ‘ವರ್ಷದ ಸಿಂಗಲ್’ ಎಂದೂ ‘ವರ್ಷದ ಹಾಡು’ ಎಂದೂ ಎರಡು ಬೇರೆ ಪ್ರಶಸ್ತಿ ಕೊಡುತ್ತದೆ. ಮೊದಲನೆಯದು ಧ್ವನಿಮುದ್ರಿಕೆಗೆ, ಅಂದರೆ ಗಾಯಕ ಮತ್ತು ನಿರ್ಮಾಪಕರ ಕೆಲಸಕ್ಕೆ. ಎರಡನೆಯದು ಬರೆದವರಿಗೆ. 1980ರಲ್ಲಿ ಈ ಹಾಡು ಎರಡನ್ನೂ ಗೆದ್ದಿತು. 1981ರಲ್ಲಿ ‘ವರ್ಷದ ಹಾಡು’ ಮತ್ತೊಮ್ಮೆ ಬ್ರಾಡಕ್ ಮತ್ತು ಪಟ್‌ಮನ್ ಪಾಲಾಯಿತು. ಒಂದೇ ಹಾಡಿಗೆ ಸತತ ಎರಡು ವರ್ಷ. ಜೋನ್ಸ್‌ಗೆ 1981ರಲ್ಲಿ ಗ್ರ್ಯಾಮಿಯೂ ಬಂತು. 2008ರ ಸಾಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಧ್ವನಿಮುದ್ರಿಕೆಯನ್ನು ಕಾಪಿಡಬೇಕಾದ ರಾಷ್ಟ್ರೀಯ ಮುದ್ರಿಕೆಗಳ ಪಟ್ಟಿಗೆ ಸೇರಿಸಿತು.

ಹಣದ ಹರಿವಿನಲ್ಲಿಯೂ ಇದೇ ಭೇದವಿದೆ, ಮತ್ತು ಇದು ಹೆಚ್ಚಿನ ಕೇಳುಗರಿಗೆ ತಿಳಿದಿರುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯ ರೇಡಿಯೋ ಕೇಂದ್ರ ಹಾಡು ಹಾಕಿದಾಗ ರಾಯಧನ ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ. ಹಾಡಿದವನಿಗೆ ಏನೂ ಇಲ್ಲ. ಗಾಯಕನ ಗಳಿಕೆ ತಟ್ಟೆಯ ಮಾರಾಟದಿಂದ, ಅದಕ್ಕಿಂತ ಹೆಚ್ಚಾಗಿ ವೇದಿಕೆಯಿಂದ. ಜೋನ್ಸ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಂತೆ, ಬರುತ್ತಾರೋ ಇಲ್ಲವೋ ಎಂದು ಆಯೋಜಕರು ಹೆದರುತ್ತಿದ್ದ, ಪ್ರದರ್ಶನಕ್ಕೆ 2,500 ಡಾಲರ್ ಪಡೆಯುತ್ತಿದ್ದ ಗಾಯಕನ ಸಂಭಾವನೆ ಈ ಹಾಡಿನ ನಂತರ 25,000 ಡಾಲರ್‌ಗೆ ಏರಿತು, ಟಿಕೆಟ್ ಹಣದಲ್ಲಿ ಪಾಲು ಬೇರೆ. ನಾಲ್ಕು ದಶಕಗಳ ವೃತ್ತಿಯನ್ನು ಒಂದು ಹಾಡು ಉಳಿಸಿತು ಎಂದು ಅವರೇ ಒಪ್ಪಿಕೊಂಡರು. ಯಾರೂ ಕೊಳ್ಳುವುದಿಲ್ಲ ಎಂದಿದ್ದವರೂ ಅವರೇ.

ಕೇಳುಗರು ಈ ಹಾಡಿನಲ್ಲಿ ಜೋನ್ಸ್ ಅವರನ್ನೂ ಟ್ಯಾಮಿಯನ್ನೂ ಕಂಡರು. ವಿಚ್ಛೇದನದ ನಂತರವೂ ಅವಳನ್ನೇ ನೆನೆಯುತ್ತಿದ್ದಾನೆ ಎಂಬ ಮಾತು ಊರೆಲ್ಲ ಇತ್ತು. 1980ರಲ್ಲಿಯೇ ಇಬ್ಬರ ಹೊಸ ಯುಗಳ ಗೀತೆಯೂ ಬಂದು ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಹೋಯಿತು. ಆದರೆ ಹಾಡನ್ನು ಬರೆದವರು ಬೇರೆ, ಮೊದಲು ಹಾಡಿದವರೂ ಬೇರೆ. ಜೋನ್ಸ್ ಬದುಕಿಗೂ ಆ 1962ರ ಪತ್ರಗಳಿಗೂ ಯಾವ ಸಂಬಂಧವೂ ಇಲ್ಲ. ಹಾಗೆಂದು ಕೇಳುಗರು ಮೋಸಹೋದರು ಎಂದು ನಾನು ಹೇಳಲಾರೆ. ಯಾರೋ ಇಬ್ಬರು ಕೋಣೆಯಲ್ಲಿ ಕುಳಿತು ಬರೆದದ್ದನ್ನು, ಇನ್ನೊಬ್ಬ ತಿದ್ದಿಸಿದ್ದನ್ನು, ಮತ್ತೊಬ್ಬ ತನ್ನ ಬದುಕಿನಷ್ಟೇ ನಿಜ ಎನಿಸುವಂತೆ ಹಾಡಿದಾಗ ಅವರು ಆ ಹಾಡನ್ನು ನಂಬಿದರು. ನಂಬಿಸುವುದಕ್ಕೇ ಆ ಗಮಕ, ಆ ಜಗಲಿಯ ಮಾತು.

ಹಾಡು ಗೆದ್ದ ಕೂಡಲೇ ಗಾಯಕ ಸುಧಾರಿಸಲಿಲ್ಲ. ಕುಡಿತ ಮುಂದುವರಿಯಿತು. 1983ರಲ್ಲಿ ನ್ಯಾನ್ಸಿ ಅವರನ್ನು ಮದುವೆಯಾದ ಮೇಲೆ ಬದುಕು ನಿಧಾನವಾಗಿ ದಡ ಹತ್ತಿತು. 1999ರಲ್ಲಿ ಸಂಭವಿಸಿದ ಭೀಕರ ಕಾರು ಅಪಘಾತದ ನಂತರ ಕುಡಿತವನ್ನು ಪೂರ್ತಿ ಬಿಟ್ಟರು.

2013ರ ಏಪ್ರಿಲ್ 26ರಂದು, 81ನೇ ವಯಸ್ಸಿನಲ್ಲಿ, ಜಾರ್ಜ್ ಜೋನ್ಸ್ ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡರು. ಮೇ 2ರಂದು ಗ್ರ್ಯಾಂಡ್ ಓಲ್ ಓಪ್ರಿ ಭವನದಲ್ಲಿ ಸಾರ್ವಜನಿಕ ಅಂತ್ಯವಿಧಿ ನಡೆಯಿತು. ಗಾಯಕ ಅಲನ್ ಜ್ಯಾಕ್ಸನ್ ವೇದಿಕೆಗೆ ಬಂದು ಈ ಹಾಡನ್ನು ಹಾಡಿದರು. ಕೊನೆಯಲ್ಲಿ ತಲೆಯ ಮೇಲಿನ ಟೋಪಿಯನ್ನು ತೆಗೆದರು. ಊರಿನ ವುಡ್‌ಲಾನ್ ಸ್ಮಶಾನದಲ್ಲಿ ಜೋನ್ಸ್ ಸಮಾಧಿಯ ಮೇಲೆ ಕಲ್ಲಿನ ಕಮಾನೊಂದನ್ನು ಕಟ್ಟಿದ್ದಾರೆ. ಹಾಡಲು ಒಲ್ಲೆ ಎಂದಿದ್ದ ಆ ಹಾಡಿನ ಹೆಸರನ್ನು ಅದರ ಮೇಲೆ ಕೆತ್ತಲಾಗಿದೆ.